ಬಚ್ಚಲ ನೀರು

ಎದುರು ಬೀದಿಯಲ್ಲೇ ಎಪ್ಪತ್ತೊಂದು ವರ್ಷ.
ಈ ಹೊಸ್ತಿಲು ತುಳಿದದ್ದು ಇವತ್ತೇ,
ಮುದುಕರಿಗೆ ಟಿಕೆಟ್ಟಿಲ್ಲದ ಭಾನುವಾರ.
ಮೂವತ್ತು ವರ್ಷ ಈ ಬಂದರಿನ ಬಸ್ಸು ಓಡಿಸಿದವನು ನಾನು.
'ಲಾರ್ರೊಂದೊ ಮನೆ, ಯಾರು ಇಳೀತೀರಿ?'
ಎಂದು ಕೂಗಿ ಕೂಗಿ ಗಂಟಲು ಸವೆಯಿತು.
ಕೂಗಿದವನಿಗೆ ಇಳಿಯುವ ಪುರುಸೊತ್ತಿರಲಿಲ್ಲ.

ಬೂಟಿನ ಮೇಲೊಂದು ಬಟ್ಟೆಯ ಚೀಲ ತೊಡಿಸುತ್ತಾರೆ,
ನೆಲ ಸವೆಯಬಾರದಂತೆ.
ಯಸ್ನಾ ಚೋಕೆ, ನಮ್ಮ ಬೇಕರಿಯವನ ಮಗಳು,
ಇಲ್ಲಿ ಮಾತ್ರ ನನ್ನನ್ನು 'ಸೆನ್ಯೋರ್' ಎಂದು ಕರೆದು
ಕೈ ಚಾಚಿ ತೋರಿಸುತ್ತಾಳೆ:
ಈ ಮರ ಹಡಗಿನಲ್ಲಿ ಬಂದದ್ದು, ಒರೆಗಾನಿನ ಕಾಡಿನಿಂದ.
ಈ ಕನ್ನಡಿ ವೆನಿಸ್ಸಿನದು. ಪಿಯಾನೊ ಹ್ಯಾಂಬರ್ಗಿನದು.
ಅಂಗಳದ ಮಣ್ಣು ಕೂಡ ಗೋಣಿಯಲ್ಲಿ ಬಂತು
ಒಂದೇ ಒಂದು ಗುಲಾಬಿ ಗಿಡಕ್ಕಾಗಿ.
ಹಾಗಾದರೆ ಇಲ್ಲಿಯದು ಯಾವುದಮ್ಮ, ಎಂದೆ.
ಸ್ವಲ್ಪ ಯೋಚಿಸಿ, 'ಧೂಳು' ಎಂದಳು.

ಗೋಡೆಯ ಮೇಲೆ ದೋನ್ ಎವರಿಸ್ತೊ ಲಾರ್ರೊಂದೊ.
ಮರುಭೂಮಿ ಬಗೆದು ಗೊಬ್ಬರದುಪ್ಪು ಮಾರಿದವನು.
ಎಲ್ಲೆಲ್ಲಿಯದೋ ಹೊಲಗಳು ಹಸಿರಾದವು,
ಇಲ್ಲಿ ಹುಲ್ಲುಕಡ್ಡಿ ಏಳಲಿಲ್ಲ.
ಮೀಸೆಯ ತುದಿಗೆ ಮೇಣ. ಕಣ್ಣು ಮಾತ್ರ
ಕೊನೆಯ ಬಸ್ಸು ತಪ್ಪಿದವನ ಕಣ್ಣು.
(ಆ ಕಣ್ಣು ನನಗೆ ಗೊತ್ತು, ಕನ್ನಡಿಯಲ್ಲಿ ದಿನಾ ನೋಡಿದ್ದೇನೆ
ಹಿಂದೆ ಓಡಿ ಬರುವವರನ್ನು.)
ಮನೆ ಕಟ್ಟಲು ಒಂಬತ್ತು ವರ್ಷ.
ಹೆಂಡತಿ ಕ್ಲೋತಿಲ್ದೆ ಬಂದಿಳಿದಳು,
ಹನ್ನೊಂದು ದಿನ ಇದ್ದಳು,
ಹನ್ನೆರಡನೆಯ ದಿನ ಹಡಗು ಹತ್ತಿದಳು.

'ಯಾಕೆ?' ಎಂದಿತು ಗುಂಪಿನಲ್ಲೊಂದು ಮಗು.
ಯಸ್ನಾಳ ಹಾಳೆಯಲ್ಲಿ ಅದಿಲ್ಲ.
ಮುಂದಿನ ಕೋಣೆಗೆ ಹೋದೆವು.
ಇಲ್ಲಿ ಇಪ್ಪತ್ತಾರು ವರ್ಷ
ಯಾರೂ ಇಲ್ಲದ ಊಟಕ್ಕೆ ಆಳುಗಳು ಪ್ರತಿ ಸಂಜೆ
ಹನ್ನೆರಡು ತಟ್ಟೆ ಇಟ್ಟರು, ಹನ್ನೆರಡು ತಟ್ಟೆ ಎತ್ತಿದರು.
ತಿಕ್ಕಿ ತಿಕ್ಕಿ ಬೆಳ್ಳಿ ಚಮಚಗಳ ಮೇಲೆ
ಒಡೆಯರ ಹೆಸರು ಅಳಿಸಿಹೋಗಿದೆ.

ಆಮೇಲೆ ಸ್ನಾನದ ಕೋಣೆ.
ಸಿಂಹಪಾದದ ಬಿಳಿ ತೊಟ್ಟಿ.
'ಆಗ ಕುಡಿಯುವ ನೀರೂ ಹಡಗಿನಲ್ಲೇ ಬರಬೇಕು,
ಇದು ತುಂಬಿದ್ದು ಬಹುಶಃ ಒಂದೇ ಸಲ.'

ಎರಡು ಸಲ, ಎಂದುಬಿಟ್ಟೆ.
ಗುಂಪು ತಿರುಗಿ ನೋಡಿತು.
ಆಡಿದ ಮಾತು, ಇನ್ನು ನುಂಗುವಂತಿಲ್ಲ.

ಎರಡು ಸಲ. ಬಂದ ಬುಧವಾರ ಒಮ್ಮೆ, ಹೊರಡುವ ಮುನ್ನಾದಿನ ಒಮ್ಮೆ.
ನೀರು ಚೆಲ್ಲಲಿಲ್ಲ. ಹಿತ್ತಿಲ ಬಾಗಿಲಲ್ಲಿ
ಬಕೆಟ್ಟಿಗಿಷ್ಟು ಎಂದು ಮಾರಿದಳು ಅಡುಗೆಯವಳು.
ನಮ್ಮಜ್ಜಿ ಪೆಟ್ರೊನಿಲಾ ಸಾಲಿನಲ್ಲಿ ನಾಲ್ಕನೆಯವಳು.
ಸಮುದ್ರದ ನೀರಿಗೆ ಸೋಪು ನೊರೆಯಾಗದು, ನೋಡಿ;
ಇದರಲ್ಲಿ ಮೊದಲು ಕೂಸಿನ ಬಟ್ಟೆ,
ಅದೇ ನೀರಲ್ಲಿ ಅಜ್ಜನ ಗಣಿಯ ಅಂಗಿ,
ಉಳಿದದ್ದು ಕತ್ತೆಗೆ.
ಕತ್ತೆ ಮೂಸಿ ನೋಡಿ ಮುಖ ತಿರುವಿತಂತೆ.
ವಾರವಿಡೀ ನಮ್ಮ ತಗಡಿನ ಮನೆಯಲ್ಲಿ ಲ್ಯಾವೆಂಡರ್ ಘಮ.
ಅಪ್ಪ ಕುಡಿದಾಗಲೆಲ್ಲ ಹೇಳುತ್ತಿದ್ದ,
'ನಾನು ಲಾರ್ರೊಂದೊ ಪರಿಮಳದಲ್ಲಿ ಮಲಗಿದ ಮಗು.'
ಅಮ್ಮ ಒಳಗಿನಿಂದ: 'ಪರಿಮಳವಲ್ಲ, ಬಚ್ಚಲ ನೀರು.'

ಇನ್ನೊಂದು ಮಾತನ್ನು ಅಜ್ಜಿ ಮೆತ್ತಗೆ ಹೇಳುತ್ತಿದ್ದಳು.
ಎರಡನೆಯ ಸಲದ ಬಕೆಟ್ಟಿನಲ್ಲಿ ಕೂದಲು.
ಒಂದೆರಡು ಎಳೆಯಲ್ಲ, ಹಿಡಿ ಹಿಡಿ, ಉದ್ದದ್ದು, ಜೇನು ಬಣ್ಣದ್ದು.
ಬೆರಳಿಗೆ ಸುತ್ತಿಕೊಂಡು ನಿಂತಿದ್ದಳಂತೆ
ಎಸೆಯಲೂ ಆಗದೆ, ಇಟ್ಟುಕೊಳ್ಳಲೂ ಆಗದೆ.
'ಹತ್ತೊಂಬತ್ತರ ಹುಡುಗಿ. ಈ ಗಾಳಿಗೆ, ಈ ಉಪ್ಪಿಗೆ,
ಆ ಮೀಸೆಗೆ.
ಅಷ್ಟು ದೊಡ್ಡ ಮನೆಯಲ್ಲಿ ಅವಳ ತಲೆ ನೇವರಿಸಲು
ಯಾರೂ ಇರಲಿಲ್ಲ.'

ಕೇಳಿದ ಮಗು ತನ್ನ ಜಡೆ ಮುಟ್ಟಿಕೊಂಡಿತು.
ನಾನು ತೊಟ್ಟಿಯ ಅಂಚಿಗೆ ಕೈಯಿಟ್ಟೆ.
ಮುಟ್ಟಬಾರದು ಎಂಬ ಫಲಕ ಕಂಡದ್ದು ಆಮೇಲೆ.
ತಣ್ಣಗಿತ್ತು. ಒಳಗೆ, ಯಸ್ನಾ ಹೇಳಿದಂತೆ,
ಇಲ್ಲಿಯದೇ ಆದದ್ದು ಒಂದು ಪದರ.

ಚೀಲ ಕಳಚಿ ಮೆಟ್ಟಿಲ ಮೇಲೆ ಬೂಟಿನ ದಾರ ಕಟ್ಟುವಾಗ
ಮುಂದಿನ ಗುಂಪಿಗೆ ಅವಳು ಹೇಳುವುದು ಕೇಳಿಸಿತು:
'ಎರಡು ಸಲ.'
ಕತ್ತೆಯ ವಿಷಯ ಬಿಟ್ಟಳು.